ಪ್ಯಾಕ್ ಪುಡಿಯಾಗಿ ತರೋಣವಾ, ದ್ರಾವಣವಾಗಿಯಾ?

ಪೀಣ್ಯದ ಪ್ಲೇಟಿಂಗ್ ಶೆಡ್ಡುಗಳ ಇಟಿಪಿಯಿಂದ (ಕಾರ್ಖಾನೆಯ ಕೊಳೆ ನೀರು ಶುದ್ಧೀಕರಿಸುವ ಘಟಕ) ಹಿಡಿದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಎಸ್‌ಟಿಪಿವರೆಗೆ (ಮನೆಗಳ ಚರಂಡಿ ನೀರು ಶುದ್ಧೀಕರಿಸುವ ಘಟಕ) ಕೊಳೆ ನೀರು ತಿಳಿಯಾಗಿಸಲು ಪ್ಯಾಕ್ ಹಾಕುವವರು ಬೇಕಾದಷ್ಟಿದ್ದಾರೆ. ಪ್ಯಾಕ್ ಅಂದರೆ ಪಾಲಿ ಅಲ್ಯುಮಿನಿಯಂ ಕ್ಲೋರೈಡ್. 25 ಕೆಜಿ ಚೀಲದಲ್ಲಿ ಹಳದಿ ಪುಡಿಯಾಗಿ ಸಿಗುತ್ತದೆ, ಕಾರ್ಬಾಯ್‌ನಲ್ಲಿ (ದೊಡ್ಡ ಪ್ಲಾಸ್ಟಿಕ್ ಕ್ಯಾನು) ದ್ರಾವಣವಾಗಿಯೂ ಸಿಗುತ್ತದೆ. ಸಣ್ಣ ಘಟಕಕ್ಕೆ ಪುಡಿಯೇ ಸರಿಯಾ?

ಪರ

ಸರಿ. ಮೊದಲು ಲೆಕ್ಕ ನೋಡಿ. ಪುಡಿಯಲ್ಲಿ ಅಲ್ಯುಮಿನಾ (ಕೆಲಸ ಮಾಡುವ ಅಂಶದ ಅಳತೆ) ಸುಮಾರು ಶೇ 30, ಮಾಮೂಲಿ ದ್ರಾವಣದಲ್ಲಿ ಸುಮಾರು ಶೇ 10. ಒಂದು ಚೀಲ ಪುಡಿ ಮಾಡುವ ಕೆಲಸಕ್ಕೆ 75 ಕೆಜಿ ದ್ರಾವಣ ಬೇಕು. ಉಳಿದದ್ದೆಲ್ಲ ಹೆಚ್ಚುಕಮ್ಮಿ ನೀರು. ಮಾಲು ಗುಜರಾತ್ ಕಡೆಯಿಂದ ಬರುವುದಾದರೆ ಆ ನೀರಿಗೂ ನೀವೇ ಲಾರಿ ಬಾಡಿಗೆ ಕೊಡಬೇಕು. ನೀರಿಗೆ ಬಾಡಿಗೆ, ಅದೂ ನಲ್ಲಿಯಲ್ಲಿ ಸಿಗೋ ನೀರಿಗೆ! ಹಾಗಾಗಿ ಕೆಜಿಗೆ ಎಷ್ಟು ಅಂತ ಹೋಲಿಸಿದರೆ ಮೋಸ ಹೋಗ್ತೀರಿ, ಅಲ್ಯುಮಿನಾ ಕೆಜಿಗೆ ಎಷ್ಟು ಬೀಳುತ್ತೆ ಅಂತ ಕೇಳಿ.

ಇನ್ನು ದಾಸ್ತಾನು. ಪೀಣ್ಯದ ಫ್ಲೈಓವರಿನ ಕೇಬಲ್ ಕೆಟ್ಟು 2021ರ ಡಿಸೆಂಬರಿನಲ್ಲಿ ಬಂದ್ ಆದಾಗ, ಆಮೇಲೆ ಬಹುಕಾಲ ಭಾರಿ ವಾಹನ ಬಿಡದೇ ಇದ್ದಾಗ, ತುಮಕೂರು ರಸ್ತೆಯಲ್ಲಿ ಲಾರಿಗಳ ಪಾಡು ಏನಾಗಿತ್ತು ಅಂತ ಅಲ್ಲಿಯವರಿಗೆ ಗೊತ್ತು. ಅಂಥ ಹೊತ್ತಲ್ಲಿ ಮೂಲೆಯಲ್ಲಿ ಹಲಗೆ ಮೇಲೆ ಪೇರಿಸಿಟ್ಟ ಚೀಲಗಳೇ ಕಾಪಾಡುವುದು. ಚೆಲ್ಲಿದರೂ ಗುಡಿಸಿ ಎತ್ತಬಹುದು. ಕಾರ್ಬಾಯ್ ಒಡೆದರೆ ಆಮ್ಲೀಯ ದ್ರಾವಣ ಕಾಂಕ್ರೀಟ್ ನೆಲ ತಿನ್ನುತ್ತಾ ಚರಂಡಿ ಸೇರುತ್ತದೆ.

ಅದೂ ಅಲ್ಲದೆ ಹದ ನಿಮ್ಮ ಕೈಯಲ್ಲಿರುತ್ತದೆ. 500 ಲೀಟರ್ ತೊಟ್ಟಿಗೆ ಎರಡು ಚೀಲ ಹಾಕಿದರೆ ಪುಡಿಯ ಲೆಕ್ಕದಲ್ಲಿ (ಅಲ್ಯುಮಿನಾ ಲೆಕ್ಕದಲ್ಲಲ್ಲ) ಶೇ 10ರ ದ್ರಾವಣ. ಜಾರ್ ಟೆಸ್ಟಿಗೆ (ಎಷ್ಟು ಪ್ಯಾಕ್ ಬೇಕು ಅಂತ ಜಾರಿನಲ್ಲಿ ನೋಡುವ ಪರೀಕ್ಷೆ) ಒಂದು ಲೀಟರ್ ಕೊಳೆ ನೀರಿಗೆ ಅದರಲ್ಲಿ 1 ಎಂಎಲ್ ಬಿಟ್ಟರೆ ಲೀಟರಿಗೆ 100 ಮಿಲಿಗ್ರಾಂ ಆಯ್ತು. ಬಾಯಿಲೆಕ್ಕ.

ವಿರೋಧ

ಬಾಯಿಲೆಕ್ಕ ಸರಿ, ಆ ಎರಡು ಚೀಲ ಎತ್ತಿ ಸುರಿಯೋರು ಯಾರು? ರಾತ್ರಿ ಪಾಳಿಯ ಒಬ್ಬ ಹುಡುಗ. ಮಾಸ್ಕ್ ಕುತ್ತಿಗೆಗೆ ನೇತಾಡ್ತಿರುತ್ತೆ, ಪುಡಿ ಹಾರಿ ಕಣ್ಣು ಮೂಗು ಉರಿಯುತ್ತೆ, ಬೇಗ ಮುಗಿಸೋಣ ಅಂತ ಪೂರ್ತಿ ಒಂದೇ ಸಲ ಸುರಿದುಬಿಡುತ್ತಾನೆ. ಗಂಟು ಕಟ್ಟುತ್ತದೆ. ಹೊರಗೆ ಅಂಟು, ಒಳಗೆ ಇನ್ನೂ ಒಣ ಪುಡಿ. ಅದು ತೊಟ್ಟಿ ತಳದಲ್ಲಿ ಕೂತು ದ್ರಾವಣ ಅಳೆದು ಬಿಡುವ ಡೋಸಿಂಗ್ ಪಂಪಿನ ಕವಾಟಕ್ಕೆ ಸಿಕ್ಕಿಕೊಂಡರೆ ಬೆಳಗಿನ ತನಕ ನೀರಿಗೆ ಏನೂ ಬೀಳುವುದಿಲ್ಲ, ಲಾಗ್ ಬುಕ್ಕಿನಲ್ಲಿ ಮಾತ್ರ ಎಲ್ಲಾ ಸರಿಯಾಗೇ ಇರುತ್ತದೆ. ಶೇ 10 ಅಂತ ಗೋಡೆ ಮೇಲೆ ಬರೆದಿರುತ್ತೆ, ತೊಟ್ಟಿಯಲ್ಲಿ ಎಷ್ಟಿದೆಯೋ ದೇವರಿಗೇ ಗೊತ್ತು. ಲಾರಿ ಬಾಡಿಗೆಯಲ್ಲಿ ಉಳಿಸಿದ್ದನ್ನೆಲ್ಲ ಕಲಕುವ ಮೋಟಾರು, ಕರೆಂಟು, ಕೂಲಿ ತಿನ್ನುತ್ತವೆ. ಈ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ಮಳೆಗಾಲದ ಮಾತು ಬೇರೆ. ಪ್ಯಾಕ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಶೀಟ್ ಶೆಡ್ಡಿನೊಳಗೆ ಬಾಯಿ ಬಿಚ್ಚಿಟ್ಟ ಚೀಲ ಕೆಲವೇ ದಿನಕ್ಕೆ ಕಲ್ಲಾಗುತ್ತದೆ, ಆಮೇಲೆ ಸುತ್ತಿಗೆ ಹುಡುಕಬೇಕು. ಇನ್ನು ಗಡಸು ಬೋರ್‌ವೆಲ್ ನೀರಿನಲ್ಲಿ ತೀರಾ ತೆಳ್ಳಗೆ ಕಲಸಿಟ್ಟರೆ ತೊಟ್ಟಿಯಲ್ಲೇ ಮಂಜುಮಂಜಾಗಿ ಶಕ್ತಿ ಕಳೆದುಕೊಳ್ಳುತ್ತದೆ.

ಒಣಗಿದ್ದರೆ ನೀರಿಗೆ ದುಡ್ಡು ಕೊಡೋದು ತಪ್ಪುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಪ್ಯಾಕ್ ಬಿಡಿ, ಅದೇ ಅಂಗಡಿಯ ಆಲಂ (ಪಟಿಕ) ಗಡ್ಡೆ ನೋಡಿ. ಕೈಗೆ ಒಣಗೇ ಇರುತ್ತೆ, ತೂಕದಲ್ಲಿ ಶೇ 40ಕ್ಕೂ ಜಾಸ್ತಿ ಹರಳಿನೊಳಗಿನ ನೀರು. ವಾಷಿಂಗ್ ಸೋಡಾ ಹರಳಿನಲ್ಲಂತೂ ಶೇ 63. ಅದನ್ನೇ ಸೋಡಾ ಆಶ್ ಆಗಿ ಕೊಂಡರೆ ಮಾತ್ರ ಆ ನೀರಿರುವುದಿಲ್ಲ.

ದ್ರಾವಣದಲ್ಲಿ ಇದ್ಯಾವ ರಗಳೆಯೂ ಇಲ್ಲ. ಪಂಪಿನ ಪೈಪು ನೇರ ಕಾರ್ಬಾಯ್‌ಗೆ ಬಿಟ್ಟರೆ ಆಯ್ತು. ಕಬ್ಬಿಣದ ಡ್ರಮ್ಮು ಮಾತ್ರ ಬೇಡ, ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು ಇರಲಿ, ಸುತ್ತ ಗಿಡ್ಡ ಕಟ್ಟೆ ಕಟ್ಟಿಸಿ. ಮಾರುವವರು ನೀರು ಬೆರೆಸುತ್ತಾರೆ ಅನ್ನೋ ಭಯ ಇದ್ದರೆ ಗೇಟಿನಲ್ಲೇ ಹೈಡ್ರೋಮೀಟರ್ ಇಳಿಸಿ ನೋಡಿ. ಸಾಂದ್ರತೆ 1.2ರ ಆಸುಪಾಸು ಬರಬೇಕು. 1.1 ತೋರಿಸಿದರೆ ಗಾಡಿಯಿಂದ ಇಳಿಸಿಕೊಳ್ಳಲೇ ಬೇಡಿ.