ಸ್ಪಷ್ಟನೆ: 2013ರ ಬ್ರಿಟನ್ ತೀರ್ಪು ಹೇಳಿದ್ದೇ ಬೇರೆ

‘ಇಸ್ರೇಲಿ ವಿಶ್ವವಿದ್ಯಾಲಯಗಳ ಬಹಿಷ್ಕಾರ ಯಹೂದಿ ದ್ವೇಷವಲ್ಲ, ಅದು ಕಾನೂನುಬದ್ಧ ಅಂತ ಬ್ರಿಟನ್ ಕೋರ್ಟ್ 2013ರಲ್ಲೇ ಹೇಳಿದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಇಂಥ ಗಂಭೀರ ವಿಷಯದಲ್ಲಿ ಅರ್ಧ ಸತ್ಯ ಹಂಚುವುದು ನೋಡಿದರೆ ಬೇಸರವಾಗುತ್ತದೆ.

ಕೇಸು ಹಾಕಿದವರು ರೋನಿ ಫ್ರೇಸರ್ ಎಂಬ ಗಣಿತದ ಮೇಷ್ಟ್ರು. ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಂಘವಾದ ಯುಸಿಯುನ ಸದಸ್ಯರು. ಬಹಿಷ್ಕಾರದ ಬಗ್ಗೆ ಸಂಘದೊಳಗೆ ನಡೆದ ಚರ್ಚೆ, ಠರಾವುಗಳಿಂದ ಯಹೂದಿಯಾದ ತನಗೆ ಕಿರುಕುಳವಾಗಿದೆ ಎಂಬುದು ಅವರ ದೂರು. ಅವರು ಹೋಗಿದ್ದು ಮಾಮೂಲಿ ಕೋರ್ಟಿಗಲ್ಲ, ಕೆಲಸಕ್ಕೆ ಸಂಬಂಧಿಸಿದ ವ್ಯಾಜ್ಯಗಳನ್ನು ವಿಚಾರಿಸುವ ನ್ಯಾಯಮಂಡಳಿಯಾದ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ. 20 ದಿನ ವಿಚಾರಣೆ, 23 ಸಂಪುಟಗಳಷ್ಟು ದಾಖಲೆ!

ಟ್ರಿಬ್ಯೂನಲ್ ಎಲ್ಲ ದೂರುಗಳನ್ನೂ ತಳ್ಳಿಹಾಕಿತು. ಕಾನೂನಿನ ದಾರಿಯಲ್ಲಿ ರಾಜಕೀಯ ಗುರಿ ಸಾಧಿಸಲು ಹೊರಟಿದ್ದೀರಿ ಎಂದು ಕಟುವಾಗಿಯೇ ಹೇಳಿತು. ಇಷ್ಟು ನಿಜ. ಆದರೆ ಸಂಘ ಈ ಸದಸ್ಯರಿಗೆ ಕಿರುಕುಳ ಕೊಟ್ಟಿತೇ ಎಂಬುದೇ ಅದರ ಮುಂದಿದ್ದ ಪ್ರಶ್ನೆ. ಬಹಿಷ್ಕಾರ ಕಾನೂನುಬದ್ಧವೇ ಎಂಬುದನ್ನು ಅದು ತೀರ್ಮಾನಿಸಲಿಲ್ಲ. ಅದರ ತೀರ್ಪನ್ನು ಬೇರೆ ನ್ಯಾಯಾಲಯಗಳು ಒಪ್ಪಲೇಬೇಕು ಅಂತಲೂ ಇಲ್ಲ.

ಸಂದೇಶದಲ್ಲಿ ಬಿಟ್ಟುಹೋಗಿರುವ ಇನ್ನೊಂದು ವಿಷಯವಿದೆ, ನನ್ನ ಪ್ರಕಾರ ಅದೇ ಜಾಸ್ತಿ ಮುಖ್ಯ. ಬಹಿಷ್ಕಾರಕ್ಕೆ ಕರೆ ಕೊಟ್ಟರೆ ಅದು ಕಾನೂನುಬಾಹಿರವಾಗುತ್ತದೆ, ತಾರತಮ್ಯ ವಿರೋಧಿ ಕಾಯ್ದೆಯನ್ನು ಮುರಿದಂತಾಗುವ ಅಪಾಯವೂ ಇದೆ ಎಂದು 2007ರಲ್ಲಿ ಇದೇ ಸಂಘಕ್ಕೆ ಕಾನೂನು ಸಲಹೆ ಬಂದಿತ್ತು. ಬಹಿಷ್ಕಾರದ ಬಗ್ಗೆ ಚರ್ಚಿಸಲು ಊರೂರಲ್ಲಿ ನಡೆಸಬೇಕಿದ್ದ ಸಭೆಗಳನ್ನು ಸಂಘ ಆಗ ರದ್ದು ಮಾಡಿತು.

ಹಾಗಂತ ‘ಬಹಿಷ್ಕಾರದ ವಿರುದ್ಧ ಫ್ರೇಸರ್ ಗೆದ್ದರು’ ಅನ್ನುವುದೂ ಸುಳ್ಳೇ. ಅವರು ಸೋತರು.