ಭಾವನವರ ಭಾನುವಾರದ ಜ್ಞಾನೋದಯ

ನಮ್ಮ ಭಾವನವರಿಗೆ ಪ್ರತಿ ಭಾನುವಾರ ರಾತ್ರಿ ಜ್ಞಾನೋದಯವಾಗುತ್ತದೆ. ಬುದ್ಧನಿಗೆ ಬೋಧಿವೃಕ್ಷ ಬೇಕಾಯಿತು, ಇವರಿಗೆ ಒಟಿಟಿ ಚಂದಾ ಸಾಕು. ಒಂದು ವಾರ ಹಾಲಿನ ಮೇಲೊಂದು ಡಾಕ್ಯುಮೆಂಟರಿ ನೋಡಿದರು. ಸೋಮವಾರ ಬೆಳಿಗ್ಗೆ ಅಕ್ಕನ ಫಿಲ್ಟರ್ ಡಿಕಾಕ್ಷನ್ನಿಗೆ ಓಟ್ಸ್ ರುಬ್ಬಿದ ನೀರು ಬಿತ್ತು. ಮುಂದಿನ ವಾರ ಸಕ್ಕರೆ ಡಬ್ಬ ಅಟ್ಟ ಸೇರಿತು. ಅದರಾಚೆ ವಾರ, ಮೊಬೈಲು ಮನುಷ್ಯನನ್ನು ಹೇಗೆ ಹಾಳು ಮಾಡುತ್ತದೆ ಎಂಬ ಚಿತ್ರ. ಅದನ್ನು ಮೊಬೈಲಿನಲ್ಲೇ ನೋಡಿ, ಮುಗಿದ ತಕ್ಷಣ ಮನೆಮಂದಿಯ ಗ್ರೂಪಿಗೆ ಲಿಂಕ್ ಹಾಕಿ, ಯಾರ್ಯಾರು ನೋಡಿದರು ಎಂದು ನೀಲಿ ಟಿಕ್ ಎಣಿಸುತ್ತ ರಾತ್ರಿ ಒಂದು ಗಂಟೆವರೆಗೂ ಕೂತಿದ್ದರು.

"ಸುಮ್ನೆ ಹೇಳ್ತಿಲ್ಲಪ್ಪ, ಕಣ್ಣಾರೆ ನೋಡಿದೀನಿ" ಅನ್ನುತ್ತಾರೆ. ಕಣ್ಣಾರೆ ನೋಡಿದ್ದಾದರೂ ಏನು? ಮೇಲಿಂದ ಡ್ರೋನು, ಕೆಳಗೆ ಮಂಜು, ಹಿಂದೆ ಅಳುವ ಪಿಟೀಲು, ಪುಸ್ತಕದ ಕಪಾಟಿನ ಮುಂದೆ ಕೂತ ನರೆಗಡ್ಡದ ತಜ್ಞ. ಆತ ಮಾತು ಅರ್ಧಕ್ಕೆ ನಿಲ್ಲಿಸಿ ಕಿಟಕಿಯತ್ತ ನೋಡಿದನೋ, ಮುಗಿಯಿತು. "ಸಕ್ಕರೆ ಕಮ್ಮಿ ಮಾಡಿ ಸ್ವಾಮಿ" ಎಂದು ನಮ್ಮ ಬೀದಿಯ ಡಾಕ್ಟರು ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಅವರ ಹಿಂದೆ ಪಿಟೀಲು ಇರಲಿಲ್ಲ, ಅಷ್ಟೇ.

ಇದೇ ಭಾವ ಒಂದು ಕಾಲಕ್ಕೆ ಡಾಕ್ಯುಮೆಂಟರಿ ಎಂದರೆ ಎದ್ದು ಓಡುತ್ತಿದ್ದವರು. 1948ರಲ್ಲಿ ಹುಟ್ಟಿದ, ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳನ್ನು ಸಿನಿಮಾಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸಬೇಕಿತ್ತು, ಅದಕ್ಕೆ ಟಾಕೀಸಿನವರೇ ಬಾಡಿಗೆ ತೆರಬೇಕಿತ್ತು. ಅಣೆಕಟ್ಟು, ಸಿಡುಬಿನ ಲಸಿಕೆ, ಎರಡು ಮಕ್ಕಳು ಸಾಕು, ವಿಮಾನದಿಂದ ನೆರೆ ನೋಡುವ ಮಂತ್ರಿಗಳು. ಗಡಸು ದನಿಯೊಂದು ಗ್ರಾಂಥಿಕ ಕನ್ನಡದಲ್ಲಿ ಖಾಲಿ ಬೆಂಚುಗಳಿಗೆ ದೇಶದ ಪ್ರಗತಿ ವಿವರಿಸುವಾಗ ಪ್ರೇಕ್ಷಕ ಮಹಾಶಯರು ಹೊರಗೆ ಕಡ್ಲೇಕಾಯಿ ಬಿಡಿಸುತ್ತ, "ನ್ಯೂಸ್ ರೀಲ್ ಮುಗೀತೇನಯ್ಯಾ?" ಎಂದು ಗೇಟಿನವನನ್ನು ಕೇಳುತ್ತಿದ್ದರು. ಲಸಿಕೆಯ ಮಾತು ನಿಜವೇ ಆಗಿತ್ತು. ಆದರೆ ಪುಕ್ಕಟೆ ಬಂದದ್ದು, ಅದರಲ್ಲೂ ಸರ್ಕಾರದ್ದು! ಈಗ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ಕೊಟ್ಟ ಕಾಸಿಗೆ ಸತ್ಯವಾದರೂ ಬರಬೇಡವೇ?

2004ರ 'ಸೂಪರ್ ಸೈಜ್ ಮಿ' ಎಂಬ ಡಾಕ್ಯುಮೆಂಟರಿ ಭಾವನವರ ಪಾಲಿಗೆ ವೇದ. ಅಮೆರಿಕದ ನಿರ್ದೇಶಕರೊಬ್ಬರು 30 ದಿನ ಮೂರು ಹೊತ್ತೂ ಮೆಕ್‌ಡೊನಾಲ್ಡ್ಸ್ ತಿಂಡಿ ತಿಂದರು, ಸುಮಾರು 11 ಕೆಜಿ ದಪ್ಪಗಾದರು. ಯಕೃತ್ತಿನ ವರದಿ ನೋಡಿದ ಡಾಕ್ಟರು, ಇದು ಕುಡುಕರಿಗೆ ಆಗುವಂಥದ್ದಲ್ಲವೇ ಎಂದು ಬೆಚ್ಚಿದರು. ನೋಡಿದವರೂ ಬೆಚ್ಚಿದರು. 2017ರಲ್ಲಿ ಆ ನಿರ್ದೇಶಕರೇ, ಮೂವತ್ತು ವರ್ಷಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಕುಡಿಯದೆ ಇದ್ದದ್ದಿಲ್ಲ ಎಂದು ಬರೆದುಕೊಂಡರು. ಪಾಪ, ಡಾಕ್ಟರ ಅನುಮಾನ ಅಷ್ಟೇನೂ ತಪ್ಪಿರಲಿಲ್ಲ. (ಬರ್ಗರ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಅದನ್ನು ತಿಳಿಯಲು ಸಿನಿಮಾ ಬೇಕಿರಲಿಲ್ಲ.) ಇದನ್ನು ಹೇಳಿದರೆ ಭಾವ, "ಅದು ಬೇರೆ ವಿಷಯ" ಎಂದು ಓಟ್ಸ್ ಕಾಫಿ ಹೀರಿದರು. ಮುಖ ಕಹಿಯಾದದ್ದು ಯಾವುದರಿಂದ ಎಂದು ತಿಳಿಯಲಿಲ್ಲ.

ಕೊನೆಗೆ ಲೆಮಿಂಗ್ ಕತೆ ಎತ್ತಿದೆ. ಇಲಿಯ ಜಾತಿಯ ಈ ಪುಟ್ಟ ಪ್ರಾಣಿಗಳು ಹಿಂಡುಹಿಂಡಾಗಿ ಬಂಡೆಯಿಂದ ಹಾರಿ ಪ್ರಾಣ ಬಿಡುತ್ತವೆಂದು ಜಗತ್ತೇ ನಂಬಿದೆ. ಆ ನಂಬಿಕೆಯನ್ನು ಗಟ್ಟಿ ಮಾಡಿದ್ದು ಡಿಸ್ನಿಯವರ 1958ರ ಚಿತ್ರ 'ವೈಟ್ ವೈಲ್ಡರ್‌ನೆಸ್'. ಚಿತ್ರೀಕರಣವಾದದ್ದು ಕೆನಡಾದ ಆಲ್ಬರ್ಟಾದಲ್ಲಿ, ಅಲ್ಲಿ ಸಮುದ್ರವೇ ಇಲ್ಲ. ಪ್ರಾಣಿಗಳನ್ನು ಬೇರೆಡೆಯಿಂದ ಕೊಂಡು ತಂದು, ಹಿಮ ಹರಡಿದ ತಿರುಗು ಹಲಗೆಯ ಮೇಲೆ ಓಡಿಸಿ ನಾಲ್ಕನ್ನು ನಾನೂರು ಮಾಡಿ, ಆಮೇಲೆ ದಡದಿಂದ ನದಿಗೆ ದಬ್ಬಿದರು. ತೆರೆಯ ಮೇಲೆ ಅದು ಆತ್ಮಾಹುತಿಯಾಯಿತು. ಆಸ್ಕರ್ ಬಂತು, ಅದೂ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು.

ಭಾವ ಬಹಳ ಹೊತ್ತು ಸುಮ್ಮನಿದ್ದರು. ಅಟ್ಟದ ಸಕ್ಕರೆ ಡಬ್ಬ ಇಳಿಯುತ್ತದೇನೋ ಎಂದು ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಇದೆಲ್ಲ ನಿಂಗ್ಯಾರು ಹೇಳಿದ್ದು?"

"1982ರಲ್ಲಿ ಕೆನಡಾದ ಟಿವಿಯವರು ತನಿಖೆ ಮಾಡಿ ತೋರಿಸಿದ್ರು ಭಾವ."

"ತೋರಿಸಿದ್ರು ಅಂದ್ರೆ? ಡಾಕ್ಯುಮೆಂಟರಿನಾ?"

"ಹೂಂ, ಡಾಕ್ಯುಮೆಂಟರಿನೇ."

"ಹಾಗನ್ನು ಮತ್ತೆ," ಎಂದು ಭಾವ ಫೋನೆತ್ತಿಕೊಂಡರು. "ಲಿಂಕ್ ಕಳ್ಸು, ಗ್ರೂಪಿಗೆ ಹಾಕ್ತೀನಿ."