ಹಾಯಿ ಬಿಚ್ಚಿದ ಹಡಗು, ಒಳಗೆಲ್ಲ ನೀರು

ಬಟ್ಟೆ ಒಗೆಯಲು ಮಂಗಳವಾರವೇ ಪ್ರಶಸ್ತ ಎಂದು ಯಾವ ಪಂಚಾಂಗದಲ್ಲಿ ಬರೆದಿದೆಯೋ ತಿಳಿಯದು. ಸರ್ ಬೇಸಿಲ್ ಸ್ಪೆನ್ಸ್ ಅವರಿಗೆ ಮಾತ್ರ ಅದು ಖಚಿತವಾಗಿ ಗೊತ್ತಿತ್ತು. ಕವೆಂಟ್ರಿಯ ಹೊಸ ಕ್ಯಾಥೆಡ್ರಲ್ಲಿಗೆ ರೂಪ ಕೊಟ್ಟ ಈ ವಾಸ್ತುಶಿಲ್ಪಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಕಾರ್ಮಿಕರ ಪೇಟೆಗಾಗಿ ಇಪ್ಪತ್ತು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳ ನಕ್ಷೆ ಹಿಡಿದು ಕಾರ್ಪೊರೇಷನ್ನಿನ ಸಮಿತಿಯ ಮುಂದೆ ನಿಂತರು. ಮಂಗಳವಾರದಂದು ಬಾಲ್ಕನಿಗಳಲ್ಲೆಲ್ಲ ಬಟ್ಟೆ ಒಣಹಾಕಿದಾಗ ಇಡೀ ಕಟ್ಟಡ ಹಾಯಿ ಬಿಚ್ಚಿ ಹೊರಟ ಮಹಾನೌಕೆಯ ಹಾಗೆ ಕಾಣುತ್ತದೆ ಎಂದರು. ಸಮಿತಿ ಒಪ್ಪಿತು.

ಒಪ್ಪದೆ ಏನು ಮಾಡೀತು? ಗ್ಲಾಸ್ಗೋ ಎಂದರೆ ಹಡಗಿನ ಸೀಮೆ. ‘ಕ್ವೀನ್ ಮೇರಿ’ಯಂಥ ಹಡಗು ತಯಾರಾಗಿ ಅಟ್ಲಾಂಟಿಕ್ ದಾಟಲು ಹೊರಟದ್ದು ಅಲ್ಲಿನ ಕ್ಲೈಡ್ ನದಿಯ ದಡದಿಂದಲೇ. ಅಂಥ ಕಡೆ ಹಡಗು ಎಂಬ ಮಾತು ಕಿವಿಗೆ ಬಿದ್ದರೆ ಯಾವ ಸದಸ್ಯನ ಎದೆ ತುಂಬಿ ಬರುವುದಿಲ್ಲ? ಆದರೆ ಹಡಗು ಹಡಗಿನಂತೆ ಕಾಣುವುದು ಯಾರಿಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ದಡದಲ್ಲಿ ನಿಂತವನಿಗೆ ಅದು ಹಡಗು. ಹದಿನೇಳನೆಯ ಅಂತಸ್ತಿನ ಹೆಂಗಸಿಗೆ ಕಾಣುವುದು ಮೂಗಿನ ಮುಂದೆ ಜೋತಾಡುವ ಗಂಡನ ಒದ್ದೆ ಅಂಗಿ.

ಈ ಹಡಗು ಬರುವ ಮುಂಚೆ ಅಲ್ಲಿ ವಠಾರಗಳಿದ್ದವು. ಮೂರು ನಾಲ್ಕು ಅಂತಸ್ತಿನ ಕಲ್ಲುಕಟ್ಟಡಗಳು, ಎಲ್ಲರಿಗೂ ಸೇರಿದ ಒಂದು ಮೆಟ್ಟಿಲಸಾಲು, ಅದರ ಇಕ್ಕೆಲದಲ್ಲಿ ಬಾಗಿಲುಗಳು. ಒಂದೇ ಕೋಣೆಯ ಮನೆಗೆ ಅವರು ‘ಸಿಂಗಲ್ ಎಂಡ್’ ಎನ್ನುತ್ತಿದ್ದರು. ಅದರ ಗೋಡೆಯಲ್ಲೊಂದು ಗೂಡು, ಗೂಡಿನಲ್ಲೊಂದು ಮಂಚ, ಮಂಚದ ಮೇಲೂ ಕೆಳಗೂ ಮಕ್ಕಳು. ಪಾಯಿಖಾನೆ ಮೆಟ್ಟಿಲ ತಿರುವಿನಲ್ಲಿ, ಹಲವು ಸಂಸಾರಗಳಿಗೆ ಒಂದು. ಪಕ್ಕದಲ್ಲೇ ಡಿಕ್ಸನ್ಸ್ ಬ್ಲೇಜಸ್ ಎಂಬ ಕಬ್ಬಿಣದ ಕಾರ್ಖಾನೆ. ಅದರ ಕುಲುಮೆಗಳು ರಾತ್ರಿಯಿಡೀ ಆಕಾಶವನ್ನು ಕೆಂಪಗೆ ಇಟ್ಟಿರುತ್ತಿದ್ದವು. ಬಟ್ಟೆ ಒಗೆಯಲು ‘ಸ್ಟೀಮಿ’ ಎಂಬ ಸಾರ್ವಜನಿಕ ಒಗೆತದ ಮನೆ. ಊರಿನ ಸುದ್ದಿಯೆಲ್ಲ ಅಲ್ಲಿಯೇ ಒಗೆದು, ಹಿಂಡಿ, ಹರವಲ್ಪಡುತ್ತಿತ್ತು. ಹಸಿದ ಮಗು ಅಂಗಳದಿಂದ ಕೂಗಿದರೆ ತಾಯಿ ಜಾಮ್ ಹಚ್ಚಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಎಸೆಯುತ್ತಿದ್ದಳು.

ದೂರದಲ್ಲಿ ಕುಳಿತು ಇದನ್ನೆಲ್ಲ ಸ್ವರ್ಗವೆಂದು ವರ್ಣಿಸುವುದು ಸುಲಭ. ಚಳಿಗಾಲದ ರಾತ್ರಿ ಎರಡು ಗಂಟೆಗೆ ಮೆಟ್ಟಿಲ ತಿರುವಿನಲ್ಲಿ ಹೊಟ್ಟೆ ಹಿಡಿದುಕೊಂಡು ಸರತಿ ನಿಂತವರು ಹಾಗೆ ವರ್ಣಿಸಲಾರರು. ಕ್ಷಯ ಇತ್ತು, ಇಲಿ ಇತ್ತು, ರಿಪೇರಿ ಎಂಬ ಪದವನ್ನು ಮರೆತ ಮಾಲೀಕರಿದ್ದರು. ಅಲ್ಲಿನವರು ಕೇಳುತ್ತಿದ್ದುದು ಹೆಚ್ಚೇನೂ ಅಲ್ಲ: ಇನ್ನೊಂದು ಕೋಣೆ, ಬಿಸಿನೀರು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಸ್ವಂತ ಪಾಯಿಖಾನೆ. ಅಂಥ ಸಣ್ಣ ಬೇಡಿಕೆಗಳನ್ನು ಈಡೇರಿಸಿ ಯಾವ ಕಾರ್ಪೊರೇಷನ್ನಿಗೆ ಹೆಸರು ಬಂದಿದೆ?

ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟವನ ಗಾದೆ ನಮಗೆ ಗೊತ್ತು. ಆದರೆ ಆತ ಸುಟ್ಟದ್ದು ತನ್ನ ಒಂದು ಮನೆಯನ್ನು. 1945ರಲ್ಲಿ ಗ್ಲಾಸ್ಗೋದ ನಗರ ಎಂಜಿನಿಯರ್ ರಾಬರ್ಟ್ ಬ್ರೂಸ್ ಸಲ್ಲಿಸಿದ ವರದಿಯ ಪ್ರಕಾರ ಊರಿನ ನಡುಭಾಗವೆಲ್ಲ ಹೋಗಬೇಕಿತ್ತು. ಕೊಳೆಗೇರಿಗಳ ಜೊತೆಗೆ ಸೆಂಟ್ರಲ್ ರೈಲು ನಿಲ್ದಾಣ, ಮ್ಯಾಕಿಂಟಾಷ್ ವಿನ್ಯಾಸದ ಕಲಾಶಾಲೆ, ಅಷ್ಟೇಕೆ, ಕಾರ್ಪೊರೇಷನ್ನಿನವರೇ ಕುಳಿತುಕೊಳ್ಳುವ ಅಮೃತಶಿಲೆಯ ಮೆಟ್ಟಿಲುಗಳ ಸಿಟಿ ಚೇಂಬರ್ಸ್ ಕೂಡ! ನಿಷ್ಪಕ್ಷಪಾತ ಎಂದರೆ ಇದು. ಕೊನೆಗೆ ಏಕೋ ಏನೋ, ಸಿಟಿ ಚೇಂಬರ್ಸ್ ಉಳಿಯಿತು, ಗಾರ್ಬಲ್ಸ್ ಹೋಯಿತು.

ಹೋದದ್ದು ಕ್ರಮಬದ್ಧವಾಗಿಯೇ. 1957ರಲ್ಲಿ ಆ ಪೇಟೆಯನ್ನು ‘ಸಮಗ್ರ ಅಭಿವೃದ್ಧಿ ಪ್ರದೇಶ’ ಎಂದು ಘೋಷಿಸಲಾಯಿತು. ಇಂಥ 29 ಪ್ರದೇಶಗಳ ಪಟ್ಟಿಯಲ್ಲಿ ಮೊದಲ ಮರ್ಯಾದೆ ಅದಕ್ಕೆ. ಸರ್ಕಾರಿ ಕಡತದಲ್ಲಿ ‘ಸಮಗ್ರ’ ಎಂಬ ಪದ ಕಂಡ ದಿನವೇ ಬಡವರು ಗಂಟುಮೂಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಐರ್ಲೆಂಡಿನಿಂದ ಬಂದ ಕೂಲಿಗಳು, ಸ್ಕಾಟ್ಲೆಂಡಿನ ಗುಡ್ಡಗಾಡಿನವರು, ಯೆಹೂದಿ ದರ್ಜಿಗಳು ಸೇರಿ ಕಟ್ಟಿಕೊಂಡ ಬೀದಿಗಳು, ಮೂಲೆಯಂಗಡಿಗಳು, ಪಬ್ಬುಗಳು ಸಮಗ್ರವಾಗಿ ನೆಲಕ್ಕೆ ಬಿದ್ದವು. ಜನರನ್ನು ಊರಾಚೆಯ ಕಾಸಲ್‌ಮಿಲ್ಕ್, ಡ್ರಮ್‌ಚಾಪೆಲ್, ಈಸ್ಟರ್‌ಹೌಸ್ ಬಡಾವಣೆಗಳಿಗೆ ಹಂಚಲಾಯಿತು. ಉಳಿದವರಿಗಾಗಿ ಅದೇ ಜಾಗದಲ್ಲಿ ಹೊಸ ವಸತಿ. ಅದಕ್ಕೆ ಹೆಸರಿಡುವ ಸಂಪ್ರದಾಯವನ್ನೂ ಸರಳಗೊಳಿಸಿದರು: ಹಚಿಸನ್‌ಟೌನ್ ಎ, ಬಿ, ಸಿ, ಡಿ, ಇ. ಸ್ಲೇಟಿನ ಮೇಲೆ ಹಳೆಯದನ್ನು ಒರೆಸಿದ ಮೇಲೆ ಅಕ್ಷರಾಭ್ಯಾಸ ತಾನೇ?

ಇವುಗಳಲ್ಲಿ ‘ಬಿ’ಯನ್ನು ರಾಬರ್ಟ್ ಮ್ಯಾಥ್ಯೂ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದರು. ಅದು ಇಂದಿಗೂ ನಿಂತಿದೆ, ಜನ ವಾಸವಾಗಿದ್ದಾರೆ. ಹೀಗಾಗಿ ಅದರ ಬಗ್ಗೆ ಬರೆಯಲು ಏನೂ ಇಲ್ಲ.

‘ಸಿ’ಗೆ ಬರೋಣ. ಹಡಗು ಇದೇ. 1961ರಲ್ಲಿ ಸ್ವತಃ ರಾಣಿ ಎಲಿಜಬೆತ್ ಬಂದು ಶಂಕುಸ್ಥಾಪನೆ ಮಾಡಿದರು. 1965ರ ಹೊತ್ತಿಗೆ ದಪ್ಪ ಕಾಂಕ್ರೀಟ್ ಕಂಬಗಳ ಮೇಲೆ ಹಡಗು ಎದ್ದು ನಿಂತಿತು. ನಮ್ಮ ಚಂಡೀಗಢದ ನಕ್ಷೆ ಬರೆದ ಲೆ ಕಾರ್ಬುಸಿಯೆ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಕಟ್ಟಿದ್ದ ವಸತಿ ಸಮುಚ್ಚಯವೇ ಅದಕ್ಕೆ ಸ್ಫೂರ್ತಿ. ಮಾರ್ಸೇಲ್ಸ್‌ನಲ್ಲಿ ಬಾಲ್ಕನಿಗೆ ಬಂದರೆ ಮೆಡಿಟರೇನಿಯನ್ ಬಿಸಿಲು. ಗ್ಲಾಸ್ಗೋದಲ್ಲಿ ಬಾಲ್ಕನಿಗೆ ಬಂದರೆ ಮಳೆ, ಅದೂ ಅಡ್ಡಡ್ಡ. ಇಂಥ ಸಣ್ಣ ವ್ಯತ್ಯಾಸಗಳಿಗೆ ಸ್ಫೂರ್ತಿ ಕುಂದಬಾರದು. ಬಾಲ್ಕನಿಗಳಿಗೆ ‘ಗಾರ್ಬಲ್ಸ್‌ನ ತೂಗು ಉದ್ಯಾನ’ ಎಂಬ ಬಿರುದೂ ಬಂತು. ಬ್ಯಾಬಿಲೋನಿನ ತೂಗು ಉದ್ಯಾನ ನಿಜವಾಗಿ ಇತ್ತೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಗಾರ್ಬಲ್ಸ್‌ನದು ಇರಲಿಲ್ಲ ಎಂಬ ಬಗ್ಗೆ ಬಾಡಿಗೆದಾರರಿಗೆ ಅನುಮಾನವಿರಲಿಲ್ಲ.

ನನ್ನ ಅಚ್ಚುಮೆಚ್ಚಿನದು ಮಾತ್ರ ‘ಇ’. ಇದಕ್ಕೆ ದೊಡ್ಡ ವಾಸ್ತುಶಿಲ್ಪಿಯ ಕನಸಿನ ಹಂಗೂ ಇರಲಿಲ್ಲ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ತಂದು, ಇಸ್ಪೀಟೆಲೆಯ ಮನೆಯಂತೆ ಒಂದಕ್ಕೊಂದು ಆನಿಸಿ ಕೂರಿಸುವ ‘ಟ್ರಾಕೋಬಾ’ ಎಂಬ ಫ್ರೆಂಚ್ ವಿಧಾನ. ಅದನ್ನು ಹಿಂದೆ ಬಳಸಿದ್ದು ಎಲ್ಲಿ ಎಂದುಕೊಂಡಿರಿ? ಅಲ್ಜೀರಿಯಾದಲ್ಲಿ. ಸಹಾರಾ ಮರುಭೂಮಿಯಿರುವ ಅಲ್ಜೀರಿಯಾ! ಅಲ್ಲಿ ಗೋಡೆಗೆ ಬಿಸಿಲಿನ ಚಿಂತೆ. ಗ್ಲಾಸ್ಗೋದಲ್ಲಿ ಮಳೆಗಾಲ ಯಾವಾಗ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ, ಅದು ಮುಗಿದದ್ದನ್ನು ಕಂಡವರಿಲ್ಲ. ಒಂಟೆಯನ್ನು ಕೊಂಡು ತಂದು ಆಗುಂಬೆಯಲ್ಲಿ ಕಟ್ಟಿಹಾಕಿದ ಹಾಗಾಯಿತು ಎನ್ನಬಹುದು. ಒಂಟೆಯಾದರೆ ಅರಚುತ್ತಿತ್ತು.

1970ರ ದಶಕದ ಆರಂಭದಲ್ಲಿ ಜನ ಒಳಗೆ ಬಂದರು. ಬಿಸಿನೀರಿತ್ತು, ಸ್ವಂತ ಪಾಯಿಖಾನೆಯಿತ್ತು, ಸಂತೋಷವೂ ಇತ್ತು. ಒಂದು ಚಳಿಗಾಲ ಕಳೆಯುವುದರೊಳಗೆ ಗೋಡೆಗಳು ಬೆವರತೊಡಗಿದವು. ಗೋಡೆಗಾಗದ ಮೆಲ್ಲಗೆ ಕಳಚಿಕೊಂಡಿತು. ಬೀರುವಿನಲ್ಲಿದ್ದ ಕೋಟಿಗೆ ಬೂಷ್ಟು, ಮಗುವಿನ ಹಾಸಿಗೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು. ಜನ ಆ ಕಟ್ಟಡಗಳಿಗೆ ‘ಡ್ಯಾಂಪೀಸ್’ ಎಂದು ನಾಮಕರಣ ಮಾಡಿದರು. ನಮ್ಮ ಭಾಷೆಯಲ್ಲಿ ಥಂಡಿಮನೆ ಎನ್ನಬಹುದೇನೋ. ಕಾರ್ಪೊರೇಷನ್ ಇಟ್ಟ ಒಂದಕ್ಷರದ ಹೆಸರಿಗಿಂತ ಇದು ಹೆಚ್ಚು ಶಾಸ್ತ್ರೀಯ.

ದೂರು ಹೋಯಿತು. ಅಧಿಕಾರಿಗಳು ಪರೀಕ್ಷಿಸಿ ತೀರ್ಪು ಕೊಟ್ಟರು: ಇದು ತೇವವಲ್ಲ, ಆವಿ. ಕಟ್ಟಡದ ದೋಷವಲ್ಲ, ನಿಮ್ಮ ಜೀವನಕ್ರಮದ ದೋಷ. ನೀವು ಅಡುಗೆ ಮಾಡುತ್ತೀರಿ, ಸ್ನಾನ ಮಾಡುತ್ತೀರಿ, ಒಳಗೇ ಬಟ್ಟೆ ಒಣಗಿಸುತ್ತೀರಿ, ಸಾಲದ್ದಕ್ಕೆ ಉಸಿರಾಡುತ್ತೀರಿ. ಆ ಆವಿಯೆಲ್ಲ ಹೋಗಿ ಪಾಪದ ಗೋಡೆಯ ಮೇಲೆ ಕೂರುತ್ತದೆ. ಪರಿಹಾರವೂ ಸಿದ್ಧವಿತ್ತು: ಹೀಟರನ್ನು ಉರಿಸಿ, ಜೊತೆಗೆ ಕಿಟಕಿಯನ್ನೂ ತೆರೆದಿಡಿ. ವಿದ್ಯುತ್ ಬಿಲ್ಲು ಕಟ್ಟುವವರು ಬಾಡಿಗೆದಾರರು, ಬೆಚ್ಚಗಾಗುವುದು ಕ್ಲೈಡ್ ನದಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಕುಣಿಯುವವರ ಕಾಲು ಸರಿಯಿಲ್ಲ ಎಂದವರು ನೆಲ ಹಾಸಿದವರು.

ನನ್ನನ್ನು ಕೇಳಿದ್ದರೆ ಕಾರ್ಪೊರೇಷನ್ ಸುಮ್ಮನೆ ಒಂದು ಸುತ್ತೋಲೆ ಹೊರಡಿಸಬಹುದಿತ್ತು. ಸೋಮ, ಬುಧ, ಶುಕ್ರವಾರ ಸಮಸಂಖ್ಯೆಯ ಮನೆಯವರು ಉಸಿರಾಡತಕ್ಕದ್ದು. ಗುರುವಾರ, ಶನಿವಾರ ಬೆಸಸಂಖ್ಯೆಯವರು. ಗೊರಕೆಗೆ ಪೂರ್ವಾನುಮತಿ ಅಗತ್ಯ, ನಿಟ್ಟುಸಿರಿಗೆ ದಂಡ. ಮಂಗಳವಾರ ಹಡಗು ಹೊರಡುವ ದಿನವಾದ್ದರಿಂದ ಯಾರೂ ಉಸಿರಾಡಕೂಡದು.

ಗ್ಲಾಸ್ಗೋದ ಬಡವರಿಗೆ ಇಂಥ ತರ್ಕಕ್ಕೆ ಉತ್ತರ ಕೊಡುವ ಹಳೆಯ ಅಭ್ಯಾಸವೊಂದಿದೆ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಮಾಲೀಕರು ಬಾಡಿಗೆ ಏರಿಸಿದಾಗ ಗೋವನ್ ಪೇಟೆಯ ಮೇರಿ ಬಾರ್ಬರ್ ಮತ್ತು ಸಂಗಾತಿ ಹೆಂಗಸರು ಬಾಡಿಗೆ ಕೊಡದೆ ಕುಳಿತು, ಲಂಡನ್ನಿನ ಸಂಸತ್ತು ಬಾಡಿಗೆ ನಿಯಂತ್ರಣದ ಕಾಯಿದೆ ತರುವಂತೆ ಮಾಡಿದ್ದರು. ಅರವತ್ತು ವರ್ಷಗಳ ನಂತರ ಥಂಡಿಮನೆಯವರೂ ಹಾಗೆಯೇ ಬಾಡಿಗೆ ತಡೆಹಿಡಿದರು. ಉಸಿರನ್ನು ಹಿಡಿಯುವುದಕ್ಕಿಂತ ಬಾಡಿಗೆಯನ್ನು ಹಿಡಿಯುವುದು ಸುಲಭ. 1980ರ ದಶಕದ ಆರಂಭಕ್ಕೆ ಕಟ್ಟಡಗಳು ಖಾಲಿಯಾದವು. ಉಸಿರಾಡುವವರು ಹೋದ ಮೇಲೆ ಗೋಡೆಗಳು ಒಣಗಬೇಕಿತ್ತಲ್ಲ? ಅದನ್ನು ಪರೀಕ್ಷಿಸುವ ಕುತೂಹಲ ಯಾರಿಗೂ ಇದ್ದಂತಿಲ್ಲ. 1987ರಲ್ಲಿ ಕೆಡವಿಬಿಟ್ಟರು.

ಹಡಗಿನ ಸರದಿ 1993ರ ಸೆಪ್ಟೆಂಬರಿನಲ್ಲಿ ಬಂತು. ಸಿಡಿಮದ್ದಿಟ್ಟು ಉರುಳಿಸುವುದನ್ನು ನೋಡಲು ಜಾತ್ರೆಯಂತೆ ಜನ ನೆರೆದಿದ್ದರು. ಹಾರಿಬಂದ ಚೂರು ತಗುಲಿ, ನೋಡಲು ಬಂದಿದ್ದ ಒಬ್ಬ ಮಹಿಳೆ ಸತ್ತರು. ಈ ಸಾಲಿಗೆ ನನ್ನಲ್ಲಿ ಯಾವ ಹಾಸ್ಯವೂ ಇಲ್ಲ.

ಇದಾದ ಮೇಲೆ ಆ ಊರಿಗೆ ಕಟ್ಟಡ ಬೀಳಿಸಿ ತೋರಿಸುವ ಹುಚ್ಚು ಬಿಟ್ಟಿರಬೇಕು ಎಂದು ಯಾರಾದರೂ ಊಹಿಸಿಯಾರು. 2014ರಲ್ಲಿ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ನಾಲ್ಕು ವರ್ಷ ಹಿಂದೆ ಇದೇ ಕೂಟ ನಡೆಸಿದ್ದ ನಮ್ಮ ದೆಹಲಿ ತನ್ನ ಕೊಳೆಗೇರಿಗಳನ್ನು ಫಲಕಗಳ ಹಿಂದೆ ಮುಚ್ಚಿಟ್ಟು ಮಾನ ಉಳಿಸಿಕೊಂಡಿತ್ತು. ಗ್ಲಾಸ್ಗೋದ್ದು ಬಿಚ್ಚುಮನಸ್ಸು. ಊರಿನ ಈಶಾನ್ಯದಲ್ಲಿ ರೆಡ್ ರೋಡ್ ಎಂಬ ಕಡೆ 1960ರ ದಶಕದ ಗೋಪುರಗಳಿದ್ದವು. ಅವುಗಳಲ್ಲಿ ಉಳಿದ ಆರರ ಪೈಕಿ ಐದನ್ನು ಉದ್ಘಾಟನಾ ಸಮಾರಂಭದ ಭಾಗವಾಗಿ, ನೇರಪ್ರಸಾರದಲ್ಲಿ, ಹದಿನೈದು ಸೆಕೆಂಡಿನಲ್ಲಿ ನೆಲಸಮ ಮಾಡುವುದಾಗಿ ಪ್ರಕಟಿಸಿದರು. ದೀಪ ಬೆಳಗುವುದು, ಬಲೂನು ಹಾರಿಸುವುದೆಲ್ಲ ಹಳತಾಯಿತು ನೋಡಿ. ಆರನೆಯದನ್ನು ಏಕೆ ಬಿಟ್ಟರು? ಅದರಲ್ಲಿ ಬೇರೆ ದೇಶಗಳಿಂದ ಆಶ್ರಯ ಕೋರಿ ಬಂದವರು ವಾಸವಾಗಿದ್ದರು. ಅವರಿಗೆ ಮುಂದಿನ ಸಾಲಿನ ಆಸನ. ಅವರಲ್ಲಿ ಕೆಲವರು ಬಾಂಬಿನ ಸದ್ದಿನಿಂದ ತಪ್ಪಿಸಿಕೊಂಡೇ ಅಲ್ಲಿಗೆ ಬಂದವರಿರಬಹುದು ಎಂಬುದು ಸಂಘಟಕರಿಗೆ ಹೊಳೆಯಲಿಲ್ಲ. ಸಾವಿರಾರು ಜನ ಸಹಿ ಹಾಕಿ ಛೀಮಾರಿ ಹಾಕಿದ ಮೇಲೆ, ಹತ್ತು ದಿನಗಳಲ್ಲಿ, ಸುರಕ್ಷತೆಯ ಕಾರಣ ಕೊಟ್ಟು ಕೈಬಿಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ಸಮಾರಂಭವಿಲ್ಲದೆ ಆರಕ್ಕೂ ಮದ್ದಿಟ್ಟರು. ನಾಲ್ಕು ಬಿದ್ದವು. ಎರಡು ಸ್ವಲ್ಪ ಕುಸಿದು, ವಾಲಿ, ನಿಂತೇಬಿಟ್ಟವು. ಜನ ಬದುಕಿದ್ದಾಗ ಈ ಗಟ್ಟಿತನ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಮತ್ತೆ ಗಾರ್ಬಲ್ಸ್‌ಗೆ. ‘ಇ’ ಇದ್ದ ಬಯಲಿನಲ್ಲಿ 1990ರ ದಶಕದಲ್ಲಿ ಕ್ರೌನ್ ಸ್ಟ್ರೀಟ್ ಎಂಬ ಹೊಸ ಯೋಜನೆ ಬಂತು. ಸ್ಪರ್ಧೆ ನಡೆಸಿ, ತಜ್ಞರನ್ನು ಕೂರಿಸಿ, ಅಳೆದು ಸುರಿದು, ಅತ್ಯಾಧುನಿಕ ಪರಿಹಾರವೊಂದನ್ನು ಆರಿಸಿದರು. ನಾಲ್ಕು ಅಂತಸ್ತಿನ ಕಟ್ಟಡಗಳು, ನಡುವೆ ನೇರವಾದ ಬೀದಿ, ಕೆಳಗೆ ಅಂಗಡಿ, ಎಲ್ಲರಿಗೂ ಸೇರಿದ ಮೆಟ್ಟಿಲಸಾಲು, ಹಿಂದೆ ಹಿತ್ತಲು. ಹೌದು, ವಠಾರ. ವ್ಯತ್ಯಾಸವೆಂದರೆ ಪಾಯಿಖಾನೆ ಮನೆಯೊಳಗಿತ್ತು.

ಅಷ್ಟಕ್ಕಾಗಿ ಇಷ್ಟು ಸುತ್ತಬೇಕಿತ್ತೇ ಎಂದು ಕೇಳುವವರು ಅದೇ ದಡದಲ್ಲಿ ಸ್ವಲ್ಪ ಪಶ್ಚಿಮಕ್ಕೆ ನಡೆದು ಗೋವನ್‌ಗೆ ಹೋಗಬಹುದು. ಥಂಡಿಮನೆಗಳಿಗೆ ಜನ ಬಂದ ಹೊತ್ತಿನಲ್ಲೇ, 1972ರಲ್ಲಿ, ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಕೆಲವು ಎಳೆಯ ವಾಸ್ತುಶಿಲ್ಪಿಗಳು ‘ಅಸಿಸ್ಟ್’ ಎಂಬ ಹೆಸರಿನಲ್ಲಿ ಅಲ್ಲೊಂದು ಪುಟ್ಟ ಕಚೇರಿ ತೆರೆದಿದ್ದರು. ರಾಣಿ ಬರಲಿಲ್ಲ, ಹಡಗಿನ ಮಾತೂ ಬರಲಿಲ್ಲ. ಹಳೆಯ ವಠಾರದ ಮನೆಗಳಿಗೆ ಹೋಗಿ, ಅಲ್ಲಿರುವವರನ್ನು ಕೇಳಿ, ಮಂಚವಿದ್ದ ಗೋಡೆಗೂಡಿನಂಥ ಮೂಲೆಗಳಲ್ಲಿ ಬಚ್ಚಲು ಮತ್ತು ಪಾಯಿಖಾನೆ ಕೂರಿಸಿಕೊಟ್ಟರು. ಆ ಕಲ್ಲುಕಟ್ಟಡಗಳ ಹಿತ್ತಲಿನಲ್ಲಿ ಮಂಗಳವಾರ ಬಟ್ಟೆ ಒಣಹಾಕಿದರೆ, ಎಷ್ಟು ದೂರದಿಂದ ನೋಡಿದರೂ, ಬಟ್ಟೆ ಒಣಹಾಕಿದ ಹಾಗೆಯೇ ಕಾಣುತ್ತದೆ.